ಗೇಟಿನ ಸರದಿ

ಮಂಗಳವಾರ ಬೆಳಗಿನ ಗೇಟಿನ ಸರದಿ ಲಿಯೋರಾಳದು. ಮ್ಯಾಂಚೆಸ್ಟರ್‌ನ ಪ್ರೆಸ್ಟ್‌ವಿಚ್‌ನಲ್ಲಿ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನ ನೆಲಮಹಡಿಯಲ್ಲಿ ನಡೆಯುತ್ತಿದ್ದ ಆ ಶಿಶುವಿಹಾರಕ್ಕೆ ಮಕ್ಕಳನ್ನು ಕಳಿಸುವ ಪ್ರತಿ ಮನೆಯಿಂದಲೂ ಯಾರಾದರೊಬ್ಬರು ಬಂದು ಕಾವಲು ನಿಲ್ಲಬೇಕಿತ್ತು. ಒಳಗೆ ಹೋಗುವವರ ಮುಖ ನೋಡಬೇಕು, ಬೀದಿಯಲ್ಲಿ ನಿಂತ ಕಾರುಗಳ ಮೇಲೊಂದು ಕಣ್ಣಿಡಬೇಕು, ಗೋಡೆಯ ಬುಡದಲ್ಲಿ ಏನಾದರೂ ಬಿದ್ದಿದೆಯೇ ಗಮನಿಸಬೇಕು. ಯಾವಾಗ ದಾಳಿಯಾದೀತೋ ಎಂಬ ಭಯದಲ್ಲಿ, ಯಹೂದಿ ಮಕ್ಕಳಿರುವ ಕಡೆ ಇದು ಬಾಗಿಲಿಗೆ ಚಿಲಕ ಹಾಕಿದಷ್ಟೇ ಸಹಜ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಹಿಂದಿನ ರಾತ್ರಿಯೆಲ್ಲ ಕೈಗೂಸಿಗೆ ಹಲ್ಲು ಬರುವ ಕಾಟ. ಗಂಡ ಡೋವ್ ಬೇಕರಿಯ ವ್ಯಾನು ಓಡಿಸುವವನು, ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ನಾಲ್ಕು ವರ್ಷದ ಟೆಮ್ಮಾಳನ್ನು ತರಗತಿಗೆ ಬಿಟ್ಟು, ದೊಗಲೆ ಹಳದಿ ಜಾಕೆಟ್ಟು ತೊಟ್ಟು ತುಂತುರು ಮಳೆಯಲ್ಲಿ ನಿಲ್ಲುವಷ್ಟರಲ್ಲಿ ಲಿಯೋರಾಳಿಗೆ ಕಾಲುಗಳು ತನ್ನವೇ ಅಲ್ಲ ಅನ್ನಿಸಿತ್ತು. ಇದಾದ ಮೇಲೆ ಔಷಧದಂಗಡಿಯ ಕೆಲಸ ಬೇರೆ.

"ಏನ್ರೀ, ನಿಂತ್ಕೊಂಡೇ ನಿದ್ದೇನಾ?" ಎಂದ ಜೊತೆಗೆ ಕಾವಲಿದ್ದ ಯಾಂಕಲ್. ಪಕ್ಕದ ಬೀದಿಯವನು, ಅವಳಿ ಮಕ್ಕಳ ತಂದೆ, ಬಾಯಿ ಸುಮ್ಮನಿರದ ಮನುಷ್ಯ.

"ಕುದುರೆ ಮಲಗಲ್ವಾ, ಹಾಗೆ."

"ಕುದುರೆಗೆ ಹುಲ್ಲಾದ್ರೂ ಹಾಕ್ತಾರೆ. ನಮಗೆ ಈ ಜಾಕೆಟ್ಟು." ಅವನೇ ಮತ್ತೆ ಕೇಳಿದ. "ಟೆಮ್ಮಾ ಮಾತಾಡಿದ್ಲಾ?"

"ಇನ್ನೂ ಇಲ್ಲ."

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಟೆಮ್ಮಾ ಶಿಶುವಿಹಾರದ ಹೊಸ್ತಿಲು ದಾಟಿದರೆ ತುಟಿ ಬಿಚ್ಚುತ್ತಿರಲಿಲ್ಲ. ಸೇರಿಸಿದ ದಿನದಿಂದಲೂ ಹಾಗೇ. ಬಾಯಾರಿದರೆ ನಲ್ಲಿಯ ಹತ್ತಿರ ಹೋಗಿ ನಿಲ್ಲುವಳು, ಅಷ್ಟೇ. ಒಬ್ಬ ತಾಯಿ ಡಾಕ್ಟರಿಗೆ ತೋರಿಸಿ ಎಂದಳು, ಇನ್ನೊಬ್ಬಳು ಧರ್ಮಗುರು ರಬ್ಬಿಯ ಆಶೀರ್ವಾದ ಪಡೆಯಿರಿ ಎಂದಳು, ಮತ್ತೊಬ್ಬಳು ಮನೆಯಲ್ಲಿ ನೀವೇ ಬಿಡುವು ಕೊಡದೆ ಮಾತಾಡ್ತೀರೇನೋ ಎಂದಳು. ಎಲ್ಲದಕ್ಕೂ ತಲೆಯಾಡಿಸಿ ಆಡಿಸಿ ಲಿಯೋರಾಳ ಕತ್ತೇ ಸೋತಿತ್ತು.

"ನನ್ನ ತಂಗಿ ಮಗಳೂ ಹೀಗೇ..." ಎಂದು ಶುರುಮಾಡಿದ ಯಾಂಕಲ್ ಅರ್ಧಕ್ಕೇ ನಿಲ್ಲಿಸಿದ. "ಆ ಚೀಲ ಯಾರದು?"

ತರಗತಿಯ ಕಿಟಕಿಯ ಕೆಳಗೆ, ಗೋಡೆಗೆ ಒರಗಿಸಿಟ್ಟಂತೆ, ಬಾಯಿ ಬಿಗಿದ ಕರಿ ಚೀಲವೊಂದು ಕೂತಿತ್ತು. ಬಂದಾಗ ಅದು ಇರಲಿಲ್ಲ. ಇಟ್ಟವರನ್ನು ಇಬ್ಬರೂ ನೋಡಿರಲಿಲ್ಲ. ನನ್ನ ಕಣ್ಣು ಎಷ್ಟು ಹೊತ್ತು ಮುಚ್ಚಿತ್ತು ಎಂದು ಲಿಯೋರಾ ತನ್ನನ್ನೇ ಕೇಳಿಕೊಂಡಳು. ಅವಳು ಗೇಟಿನ ಗಂಟೆ ಒತ್ತಿದಳು.

ಆ ಗಂಟೆ ಕೇಳಿದರೆ ಒಳಗೆ, ಅಪಾಯದಲ್ಲಿ ಮಕ್ಕಳು ಹೆದರದಿರಲೆಂದು ಕಲಿಸಿದ್ದ ಮೊಲದ ಆಟ ಶುರು. ನರಿ ಬಂದಿದೆ, ಮೊಲಗಳೆಲ್ಲ ಬಿಲಕ್ಕೆ. ಮಕ್ಕಳು ಹಿಂದಿನ ಕೋಣೆಗೆ ಓಡಿ ಮೇಜುಗಳ ಕೆಳಗೆ ಉಸಿರು ಬಿಗಿಹಿಡಿದು ಕೂರಬೇಕು. ಎಲ್ಲ ಮಕ್ಕಳಿಗೂ ಅಭ್ಯಾಸವಿತ್ತು, ಇಷ್ಟವೂ ಇತ್ತು.

ಯಾಂಕಲ್ ಪೊಲೀಸರಿಗೆ ಫೋನು ಮಾಡಿದ. ಲಿಯೋರಾ ರಸ್ತೆಯ ನಡುವೆ ನಿಂತು ಬರುವವರನ್ನು ಆಚೆಯ ಬದಿಗೆ ಕಳಿಸುತ್ತಿದ್ದಳು. ಕಾವಲಿನವರು ಒಳಗೆ ಹೋಗುವಂತಿಲ್ಲ, ಅದು ನಿಯಮ. ಕಾಲು ಮಾತ್ರ ಬಾಗಿಲ ಕಡೆಗೇ ಎಳೆಯುತ್ತಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ. ಮಕ್ಕಳಿರುವ ಜಾಗ ಇಷ್ಟು ಮೌನವಾಗಿರಬಾರದು ಎಂದು ಅವಳಿಗೆ ಅನ್ನಿಸಿತು.

ಪೊಲೀಸರು ಬಂದು ಚೀಲದ ಸುತ್ತ ಪಟ್ಟಿ ಕಟ್ಟುತ್ತಿದ್ದಾಗ ಯಾಂಕಲ್‌ನ ಅತ್ತೆ ಫ್ರೂಮಾ ಕೋಲೂರಿಕೊಂಡು ಬಂದಳು.

"ನನ್ನ ಚೀಲದ ಹತ್ರ ಪೊಲೀಸ್ನೋರಿಗೇನು ಕೆಲಸ?"

"ಅತ್ತೆ, ಅದು ನಿಮ್ದಾ?"

"ಪುರಿಮ್ ಹಬ್ಬಕ್ಕೆ ಮಕ್ಕಳಿಗೆ ವೇಷ ಹಾಕೋಕೆ ಹಳೇ ಬಟ್ಟೆ ಕೇಳಿರ್ಲಿಲ್ವಾ? ಅದನ್ನೇ ತಂದಿದ್ದೆ. ಇವಳು ತೂಕಡಿಸ್ತಿದ್ಲು, ನೀನು ಫೋನು ನೋಡ್ತಿದ್ದೆ. ಯಾಕೆ ತೊಂದರೆ ಅಂತ ಇಟ್ಟು ಹೋದೆ."

"ಮನೇಲಿ ಕೊಟ್ಟಿದ್ರೆ ನಾನೇ ತರ್ತಿದ್ನಲ್ಲ."

"ನಿನ್ನ ಕೈಗೆ ಕೊಟ್ಟಿದ್ದು ಯಾವತ್ತು ಊರು ಸೇರಿದೆ?"

ಪೊಲೀಸಿನವನು ಚೀಲ ಬಿಚ್ಚಿದ. ನುಸಿ ತಿಂದ ತುಪ್ಪಳದ ಟೋಪಿ, ಚಮಕಿಯ ನಿಲುವಂಗಿ. ಯಾರೂ ನಗಲಿಲ್ಲ. ಲಿಯೋರಾ ಗೇಟಿಗೆ ಒರಗಿ ನಿಂತಳು.

ಮಕ್ಕಳು ಏನೂ ಆಗಿಲ್ಲವೆಂಬಂತೆ ಅಂಗಳಕ್ಕೆ ನುಗ್ಗಿದ ಮೇಲೆ ಟೀಚರು ಹೆನ್ಯಾ ಅವಳನ್ನು ಒಳಗೆ ಕರೆದಳು. ತಲೆ ನರೆಯುವ ತನಕ ಅಲ್ಲೇ ಕಲಿಸಿದ ಹೆಂಗಸು.

"ಕೂತ್ಕೊಳ್ಳಿ. ಟೆಮ್ಮಾ ಮಾತಾಡಿದ್ಲು."

ಲಿಯೋರಾ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದು ಕೂತಳು.

"ಮೇಜಿನ ಕೆಳಗೆ ಆ ಪುಟ್ಟ ಶಿಫ್ರಾ ಅಳೋಕೆ ಶುರುಮಾಡಿದ್ಲು. ನನ್ನ ತೊಡೆ ಮೇಲೆ ಆಗ್ಲೇ ಇಬ್ರು. ನಿಮ್ಮ ಮಗಳು ತೆವಳ್ಕೊಂಡು ಹೋಗಿ ಅವಳ ಕಿವೀಲಿ ಹೇಳಿದ್ಲು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸ್ತು. 'ಅಳ್ಬೇಡ, ಗೇಟಲ್ಲಿ ನಮ್ಮ ಮಮ್ಮಿ ಇದಾಳೆ. ಅವಳು ಯಾರನ್ನೂ ಒಳಗೆ ಬಿಡಲ್ಲ.' ಅಂತ."

ಲಿಯೋರಾ ಮುಖ ಮುಚ್ಚಿಕೊಂಡಳು. ಸಂತೋಷಪಡಬೇಕಿತ್ತು. ಇಷ್ಟು ದಿನ ಕಾದ ಮಾತು ಮೇಜಿನ ಕೆಳಗೆ, ನರಿಗೆ ಹೆದರಿ, ಅದೂ ತೂಕಡಿಸಿದ ತಾಯಿಯನ್ನು ನಂಬಿ ಹೊರಬಂದಿತ್ತು.

"ನಾನು ನಿದ್ದೆ ಮಾಡಿದ್ದೆ, ಹೆನ್ಯಾ."

"ಗೊತ್ತಾಯ್ತು. ಫ್ರೂಮಾ ಆಗ್ಲೇ ಎಲ್ರಿಗೂ ಹೇಳಿದಾಳೆ." ಹೆನ್ಯಾ ಪಕ್ಕದ ಕುರ್ಚಿಯಲ್ಲಿ ಕೂತಳು. "ಈ ಮೊಲದ ಆಟ ಆಡ್ಸಿ ಆಡ್ಸಿ ನಂಗೂ ಸಾಕಾಗಿದೆ. ಮನೆಗೆ ಹೋಗಿ ಮಲ್ಕೊಳ್ಳಿ. ಅಂಗಡಿಗೆ ನಾನೇ ಫೋನು ಮಾಡ್ತೀನಿ."

ಆ ಸಂಜೆ ಸೂಪು ಬಡಿಸುವಾಗ ಡೋವ್ ಮೆಲ್ಲಗೆ ಮಾತೆತ್ತಿದ. "ಸರ್ಕಾರಿ ಶಿಶುವಿಹಾರ ಇಲ್ಲೇ ಮೂಲೇಲಿದೆ. ಅಲ್ಲಿ ಗೇಟಲ್ಲಿ ಯಾರೂ ನಿಲ್ಲಬೇಕಾಗಿಲ್ಲ."

"ಅಲ್ಲಿ ಶುಕ್ರವಾರ ಸಂಜೆ ನಮ್ಮೋರ ಹಾಗೆ ದೀಪದ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳೋದನ್ನ ಯಾರು ಕಲಿಸ್ತಾರೆ?"

"ನೀನು."

"ನಾನಾ? ಶುಕ್ರವಾರ ನಾನು ಕಣ್ಣು ಮುಚ್ಚಿದ್ರೆ ತೆಗೆಯೋದು ಶನಿವಾರಾನೇ."

ಡೋವ್ ನಕ್ಕ. ಅವಳೂ ನಕ್ಕಳು, ಆಮೇಲೆ ಚಮಚ ಕೆಳಗಿಟ್ಟಳು. "ನಂಗೂ ಬಿಡಿಸಿಬಿಡೋಣ ಅನ್ಸತ್ತೆ, ಕಣೋ. ಆದ್ರೆ ಟೆಮ್ಮಾಳ ಒಂದು ಮಾತು ಅಲ್ಲಿ ಬೇರು ಬಿಟ್ಟಿದೆ. ಈಗ ಹೇಗೆ ಕೀಳೋದು?"

ಬೇಸಿಗೆಯವರೆಗೆ ನೋಡೋಣ ಎಂದುಕೊಂಡರು. ಅದಕ್ಕಿಂತ ಹೆಚ್ಚು ಯೋಚಿಸುವ ತ್ರಾಣ ಇಬ್ಬರಿಗೂ ಇರಲಿಲ್ಲ.

ಟೆಮ್ಮಾ ಅಲ್ಲಿಂದಾಚೆ ಶಿಶುವಿಹಾರದಲ್ಲಿ ಶಿಫ್ರಾಳ ಕಿವಿಗೆ ಮಾತ್ರ ಮಾತಾಡಿದಳು. ಅವಳಿಗೆ ನೀರು ಬೇಕಂತೆ, ಅವಳಿಗೆ ಹಾಡು ಇಷ್ಟವಿಲ್ಲವಂತೆ ಎಂದು ಶಿಫ್ರಾ ಎಲ್ಲವನ್ನೂ ಟೀಚರಿಗೆ ಮುಟ್ಟಿಸುತ್ತಿದ್ದಳು. ವಸಂತದ ಪಾಸೋವರ್ ಹಬ್ಬದ ರಜೆ ಕಳೆದು ಮಕ್ಕಳು ಮತ್ತೆ ಬಂದ ವಾರ ಔಷಧದಂಗಡಿಗೆ ಹೆನ್ಯಾಳ ಫೋನು ಬಂತು. ಕೌಂಟರಿನ ಮುಂದೆ ಜನ ಸಾಲುಗಟ್ಟಿದ್ದರು.

"ಲಿಯೋರಾ, ಸುಮ್ನೆ ಕೇಳಿ," ಎಂದು ಹೆನ್ಯಾ ಫೋನನ್ನು ಮಕ್ಕಳತ್ತ ಹಿಡಿದಳು.

"ಅದು ನನ್ನ ಬಕೆಟ್ಟು, ಶಿಫ್ರಾ! ಕೊಡು ಇಲ್ಲಿ!" ಗಂಟಲು ಹರಿಯುವ ಹಾಗೆ, ಇಡೀ ಅಂಗಳಕ್ಕೆ ಕೇಳುವ ಹಾಗೆ.

"ಮನೇಲಿ ಏನಾದ್ರೂ ತೊಂದರೇನಾ?" ಸಾಲಿನ ಮುಂದಿದ್ದ ಮುದುಕ ಅವಳ ಮುಖ ನೋಡಿ ಕೇಳಿದ.

"ಇಲ್ಲ. ಮಗಳು ಜಗಳ ಆಡ್ತಿದಾಳೆ," ಎಂದಳು ಲಿಯೋರಾ. ಫೋನು ಕಿವಿಯಿಂದ ತೆಗೆಯದೆ, ಅವನ ಔಷಧದ ಚೀಟಿಗೆ ಕೈ ಚಾಚಿದಳು.