ಅಳಿಯ ಎಂಬ ಹಾಳೆ

ನನ್ನನ್ನು ಯಂತ್ರದ ಕೆಲಸದಿಂದ ಎಬ್ಬಿಸಲು ಅತ್ತಿಗೆ ನಿರ್ದೇಶಕರಿಗೆ ಬರೆದ ಪತ್ರದಲ್ಲಿ ಒಂದು ಒರಟು ಮಾತೂ ಇರಲಿಲ್ಲ. ನಯವಾಗಿ ಕತ್ತು ಕೊಯ್ಯುವುದರಲ್ಲಿ ಅವಳದು ಎತ್ತಿದ ಕೈ. ಅಣ್ಣನ ಹೆಂಡತಿಯನ್ನು ‘ಅವರು’ ಎನ್ನಬೇಕು, ಗೊತ್ತು. ಎನ್ನುವುದಿಲ್ಲ.

ಅವಳು ಪ್ರಯೋಗಾಲಯದ ವಿಜ್ಞಾನಿ, ನಾನು ಅಲ್ಲಿನ ಅಯಾನು ಯಂತ್ರ ನಡೆಸುವವಳು. ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಗಳನ್ನು ಅವಳು ಕೊಡುತ್ತಾಳೆ. ಗಾಳಿಯನ್ನೆಲ್ಲ ಹೀರಿ ತೆಗೆದ ಕೊಳವೆಯೊಳಗೆ ನಾನು ಅವುಗಳಿಗೆ ಅಯಾನುಗಳ ಏಟು ಹಾಕುತ್ತೇನೆ. ಏಟು ಬಿದ್ದಲ್ಲಿ ಒಂದೆರಡು ಪರಮಾಣು ಹಾರಿ ತೂತಾಗುತ್ತದೆ. ನೀರು ನುಸುಳಬೇಕು, ಉಪ್ಪು ನುಸುಳಬಾರದು, ಅಷ್ಟು ಸಣ್ಣ ತೂತು. ಅತ್ತಿಗೆ ಸೂಕ್ಷ್ಮದರ್ಶಕದಲ್ಲಿ ತೆಗೆದ ಈಚಿನ ಚಿತ್ರಗಳಲ್ಲಿ ತೂತುಗಳು ಎರಡರಷ್ಟು ದೊಡ್ಡವಾಗಿದ್ದವು. ನಾನು ಕಿರಣವನ್ನು ಹೆಚ್ಚು ಹೊತ್ತು ಬಿಟ್ಟು ತೂತುಗಳು ಒಂದಕ್ಕೊಂದು ಕೂಡಿಕೊಂಡಿವೆ ಎಂದು ಅವಳ ದೂರು. ಹತ್ತೊಂಬತ್ತು ವರ್ಷ ಅದೇ ಯಂತ್ರದ ಮುಂದೆ ಕೂತವಳಿಗೆ ಕೈ ಹಿಡಿತ ಇಲ್ಲವಂತೆ! ಮೈಯೆಲ್ಲ ಉರಿದುಹೋಯಿತು.

“ಮನೆ ಜಗಳಾನ ಕೆಲಸದ ಜಾಗಕ್ಕೆ ತರಬೇಡ ಕಣೇ,” ಎಂದ ಅಣ್ಣ ಫೋನಿನಲ್ಲಿ.

“ತಂದಿದ್ದು ನಿನ್ನ ಹೆಂಡ್ತಿ,” ಎಂದು ಫೋನ್ ಕುಕ್ಕಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಪ್ರತಿ ಹತ್ತು ಹಾಳೆಗಳಲ್ಲಿ ಒಂದಕ್ಕೆ ಏಟು ಹಾಕುವಂತಿಲ್ಲ. ಅದು ಉಳಿದವುಗಳ ಜೊತೆ ಕೊಳವೆಯೊಳಗೆ ಹೋಗಿ, ಸುಮ್ಮನೆ ಕೂತು, ಹಾಗೇ ವಾಪಸ್ ಬರುತ್ತದೆ. ಹೋಲಿಸಿ ನೋಡಲಿಕ್ಕೆ. ಯಾವ ಕೆಲಸವನ್ನೂ ಮಾಡದೆ ಮರ್ಯಾದೆ ಮಾಡಿಸಿಕೊಳ್ಳುವುದರಿಂದ ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದೆವು. ಸಮಯ ಉಳಿಸುವ ನೆಪದಲ್ಲಿ ಅತ್ತಿಗೆ ಎರಡು ವರ್ಷದಿಂದ ಅಳಿಯನ ಮುಖವನ್ನೇ ನೋಡಿರಲಿಲ್ಲ. ನಾನು ಎಲ್ಲವನ್ನೂ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ.

ವಿಚಾರಣೆಯ ದಿನ ಸೂಕ್ಷ್ಮದರ್ಶಕದ ಕೋಣೆಯಲ್ಲೇ ಸಂಸ್ಥೆಯ ನಿರ್ದೇಶಕರ ಮುಂದೆ ಆ ಡಬ್ಬಿ ಇಟ್ಟೆ. “ಇದಕ್ಕೆ ನಾನು ಒಂದು ಏಟೂ ಹಾಕಿಲ್ಲ ಸರ್. ಮೇಡಂ ದಿನಾ ನೋಡೋ ಹಾಗೇ ಇದನ್ನೂ ನೋಡ್ಲಿ.”

ಅತ್ತಿಗೆ ಹಾಳೆಯನ್ನು ಸೂಕ್ಷ್ಮದರ್ಶಕಕ್ಕೆ ಸೇರಿಸಿದಳು. ಪರದೆಯ ಮೇಲೆ ಜೇನುಗೂಡಿನಂಥ ಹೆಣಿಗೆ ಮೂಡಿತು. ಒಂದು ತೂತೂ ಇರಲಿಲ್ಲ.

“ಇದು ಚೆನ್ನಾಗೇ ಇದೆ. ಅಂದ್ರೆ ಆ ತೂತುಗಳು ನಿನ್ನವೇ,” ಎಂದು ಎದ್ದಳು.

“ಇಷ್ಟು ಬೇಗ ಎದ್ರೆ ಹೇಗೆ? ಒಂದೊಂದು ಚಿತ್ರಕ್ಕೆ ಕಾಲು ಗಂಟೆ ಕೂರ್ತೀರಲ್ಲ. ಕೂತ್ಕೊಳ್ಳಿ,” ಎಂದೆ.

ನಿರ್ದೇಶಕರೂ ಕೂರಲು ಸನ್ನೆ ಮಾಡಿದರು. ಅವಳು ಹಲ್ಲು ಕಚ್ಚಿ ಕೂತಳು. ಆರನೇ ನಿಮಿಷಕ್ಕೆ ಹೆಣಿಗೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿತು. ಪಕ್ಕದಲ್ಲೇ ಇನ್ನೊಂದು. ಹತ್ತನೇ ನಿಮಿಷಕ್ಕೆ ಎರಡೂ ಕೂಡಿಕೊಂಡವು. ಆ ಸೂಕ್ಷ್ಮದರ್ಶಕ ನೋಡುವುದು ಬೆಳಕಿನಿಂದಲ್ಲ, ಎಲೆಕ್ಟ್ರಾನುಗಳಿಂದ. ಎಲೆಕ್ಟ್ರಾನೂ ಏಟು ಹಾಕುತ್ತದೆ ಎಂಬುದು ನನ್ನಂಥವಳಿಗೂ ಗೊತ್ತು. ಎರಡು ವರ್ಷದ ಹಿಂದೆ ಚಿತ್ರ ಸ್ಪಷ್ಟವಾಗಲೆಂದು ಅವಳೇ ಅದರ ವೋಲ್ಟೇಜ್ ಏರಿಸಿದ್ದಳು, ಈಚೆಗೆ ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದಳು. ನೋಡುತ್ತ ನೋಡುತ್ತ ಹಾಳೆಯನ್ನು ಕೊರೆಯುತ್ತಿದ್ದವಳು ಅವಳೇ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಹಾಗಾದ್ರೆ ಇಷ್ಟು ದಿನದ ತೂತುಗಳಲ್ಲಿ ಅಯಾನು ಮಾಡಿದ್ದೆಷ್ಟು?” ನಿರ್ದೇಶಕರು ಕೇಳಿದರು.

ಅವಳ ಮುಖ ಬಿಳಿಚಿಕೊಂಡಿತ್ತು. ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ. “ಗೊತ್ತಿಲ್ಲ ಸರ್. ಎರಡು ವರ್ಷದ ಯಾವ ಚಿತ್ರಾನೂ ನಂಬೋ ಹಾಗಿಲ್ಲ. ಪ್ರಕಟ ಮಾಡಿದ ಲೇಖನಗಳನ್ನೆಲ್ಲ ನಾನೇ ವಾಪಸ್ ತಗೋತೀನಿ.”

ನಿರ್ದೇಶಕರು ನನ್ನ ಮೇಲಿನ ಪತ್ರವನ್ನು ಹರಿದು ಹಾಕಿದರು. ಆಮೇಲೆ ಅದೇ ದನಿಯಲ್ಲಿ, “ಈ ಯೋಜನೆ ಇಲ್ಲಿಗೆ ಮುಗೀತು. ಇದು ಬಿಟ್ರೆ ಆ ಅಯಾನು ಯಂತ್ರಕ್ಕೆ ಬೇರೆ ಕೆಲಸ ಇಲ್ಲ ಅಲ್ವಾ? ನಿಲ್ಸಿಬಿಡಿ,” ಎಂದರು.

ಅದನ್ನು ನಿಲ್ಲಿಸುವುದೆಂದರೆ ಬರೀ ಗುಂಡಿ ಒತ್ತುವುದಲ್ಲ. ಕವಾಟ ತೆರೆದು ಕೊಳವೆಯೊಳಕ್ಕೆ ಗಾಳಿ ಬಿಡಬೇಕು. ಕರೆಂಟು ಹೋದಾಗಲೂ ಅದರೊಳಗೆ ಗಾಳಿ ನುಗ್ಗದಂತೆ ಕಾದವಳು ನಾನು. ಯಂತ್ರದ ಕೋಣೆಗೆ ಹೋದೆ. ಅತ್ತಿಗೆ ಹಿಂದೆಯೇ ಬಂದಳು.

“ಖುಷಿ ಆಯ್ತಾ?”

“ಹೂಂ, ಆಯ್ತು.”

ಸುಳ್ಳಲ್ಲ. ಅವಳ ಮುಖ ನೋಡಿದರೆ ಆಗಲೂ ಖುಷಿಯೇ ಆಗುತ್ತಿತ್ತು. ಆದರೆ ಕವಾಟದ ಮೇಲಿಟ್ಟ ಕೈ ತಿರುಗಲಿಲ್ಲ. ಎರಡು ಸಲ ಪ್ರಯತ್ನಿಸಿದೆ.

“ಆ ಕಡೆ ಸರಿ,” ಎಂದು ಅವಳು ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿ ಕವಾಟ ತಿರುಗಿಸಿದಳು. ಗಾಳಿ ಬುಸ್ಸೆಂದು ಒಳಗೆ ನುಗ್ಗಿತು. ಅದು ನಿಲ್ಲುವವರೆಗೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.