ಕರೆಂಟು, ನೀರು, ಎಲ್ಲ ಸೇರಿ

"ಕರೆಂಟು, ನೀರು, ಎಲ್ಲ ಸೇರಿ ಬಾಡಿಗೆ" ಎಂಬ ಬೋರ್ಡು ಕಂಡರೆ ಆ ತಿಂಗಳು ನನಗೆ ದೇವರೇ ಗೇಟಿಗೆ ನೇತುಬಿದ್ದ ಹಾಗೆ ಕಾಣುತ್ತಿತ್ತು. ಅಂಥ ದೇವರುಗಳನ್ನು ಬೇಕಾದಷ್ಟು ನೋಡಿದೆ. ಒಂದು ಮನೆಯಲ್ಲಿ ಎಲ್ಲವೂ ಸೇರಿತ್ತು, ಕಿಟಕಿ ಮಾತ್ರ ಸೇರಿರಲಿಲ್ಲ. ಇನ್ನೊಂದರಲ್ಲಿ ಕರೆಂಟು ಸೇರಿತ್ತು, ಆದರೆ ಫ್ಯಾನು ಹಾಕಬಾರದು. "ಹಾಗಾದ್ರೆ ಕರೆಂಟನ್ನ ಏನ್ ಮಾಡ್ಲಿ ಸ್ವಾಮಿ, ಮುಟ್ಟಿ ನೋಡ್ಲಾ?" ಎಂದೆ. ಆ ಮನೆ ಅಲ್ಲಿಗೆ ಹೋಯಿತು. ದಿನವಿಡೀ ಸಿಟಿ ಬಸ್ಸಿನ ಬ್ರೇಕು ತುಳಿಯುವವನು ನಾನು. ಬಾಯಿಯ ಬ್ರೇಕು ತುಳಿಯಲು ತ್ರಾಣ ಉಳಿಯುವುದಿಲ್ಲ.

ಎಲ್ಲ ಸೇರಿದ ಮನೆಯೇ ಆಗಬೇಕೆಂದು ಹಟ ಹಿಡಿದಿದ್ದು ಅಕ್ಕನಿಗಾಗಿ. ಅಕ್ಕ ಬಟ್ಟೆ ಮಿಲ್ಲಿನಲ್ಲಿ ದುಡಿದವಳು. ಮಗ್ಗಗಳು ಕೂಲಿ ಕೊಟ್ಟು ಕಿವಿ ಕಿತ್ತುಕೊಂಡವು. ನಲ್ಲಿ ತಿರುಗಿಸಿ ಬೇರೆ ಕೆಲಸಕ್ಕೆ ಹೋದರೆ ನೀರು ಸುರಿಯುತ್ತಿರುವುದು ಅವಳಿಗೆ ಕೇಳಿಸದು. ಟ್ಯಾಂಕು ಖಾಲಿ, ಬಿಲ್ಲು ಭರ್ತಿ, ಮನೆ ಬಿಡಿ. ನೀರು ಬಾಡಿಗೆಯಲ್ಲೇ ಸೇರಿಹೋದರೆ ನಲ್ಲಿಯ ಲೆಕ್ಕ ಕೇಳುವವರು ಯಾರು? ಇದು ನನ್ನ ಏಳನೇ ಕ್ಲಾಸಿನ ಗಣಿತ.

ಆಗಿದ್ದ ಮನೆಯನ್ನೂ ತಿಂಗಳ ಕೊನೆಗೆ ಬಿಡಬೇಕಿತ್ತು. ಅಕ್ಕ ಆಗಲೇ ಟ್ರಂಕಿಗೆ ಸೀರೆ ಜೋಡಿಸತೊಡಗಿದ್ದಳು.

"ನನ್ನನ್ನ ವೃದ್ಧಾಶ್ರಮಕ್ಕೆ ಬಿಟ್ಬಿಡೋ. ನೀನೊಬ್ನೇ ಅಂದ್ರೆ ನಾಳೆನೇ ರೂಮು ಸಿಗುತ್ತೆ."

ಅಪ್ಪ ಅಮ್ಮ ಹೋದಮೇಲೆ ಆ ಮಿಲ್ಲಿನ ಕೂಲಿಯಲ್ಲಿ ನನ್ನನ್ನು ಸಾಕಿದವಳು ಹೇಳುವ ಮಾತು ಇದು. "ನೀನಿಲ್ಲದ ರೂಮಿಗಿಷ್ಟು ಬೆಂಕಿ ಹಾಕ" ಎಂದೆ. ದನಿ ತೆಗೆಯಲಿಲ್ಲ, ತುಟಿ ಆಡಿಸಿದೆ. ಅಕ್ಕನಿಗೆ ಅಷ್ಟು ಸಾಕು. ಮಗ್ಗಗಳ ಆ ಗದ್ದಲದಲ್ಲಿ ಹೆಂಗಸರ ಸುದ್ದಿ, ಜಗಳ, ಚಾಡಿ ಎಲ್ಲ ತುಟಿ ನೋಡಿಯೇ ನಡೆಯುತ್ತಿತ್ತು. ದೂರದವಳ ಮಾತನ್ನು ಕಂಡವಳು ಪಕ್ಕದವಳಿಗೆ ದಾಟಿಸುವುದು ಅಲ್ಲಿಯ ರೂಢಿ.

ಕೊನೆಗೆ ನೋಡಿದ್ದು ಮೂರನೇ ಮಹಡಿಯ ಮನೆ. ಮಾಲೀಕ, ಅವನ ಹೆಂಡತಿ ಇಬ್ಬರೂ ಕೆಳಗಿನ ಮಹಡಿಯಲ್ಲಿ ವಾಸವಾಗಿದ್ದರು. ಬಾಯಿ ಬಿಡಬಾರದೆಂದು ದಾರಿಯಲ್ಲೇ ಅಕ್ಕ ಆಣೆ ಹಾಕಿಸಿದ್ದಳು. ಮಾಲೀಕ ಬಚ್ಚಲು ತೋರಿಸಿ ಒಂದು ಬಕೆಟ್ಟು ಎತ್ತಿ ಹಿಡಿದ.

"ಒಬ್ಬರ ಸ್ನಾನಕ್ಕೆ ಇದೊಂದು. ಸಾಕಲ್ವಾ?"

"ಸಾರ್, ಇದನ್ನ ನಮ್ಮ ಕಡೆ ಚೊಂಬು ಅಂತೀವಿ."

ಅಕ್ಕ ನನ್ನ ಸೊಂಟ ಚಿವುಟಿದಳು. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅಷ್ಟರಲ್ಲಿ ಮಾಲೀಕ ಹಾವು ತುಳಿದವನಂತೆ ಅಡುಗೆಮನೆಗೆ ಓಡಿದ. ಅಕ್ಕ ಅಲ್ಲಿ ಕೈ ತೊಳೆದು ನಲ್ಲಿಯನ್ನು ಹಾಗೇ ಬಿಟ್ಟು ಬಂದಿದ್ದಳು.

"ಏನಮ್ಮಾ ಇದು? ಕಿವಿ ಕೇಳ್ಸಲ್ವಾ?"

"ಇಲ್ಲ," ಎಂದೆ ನಾನು. "ನಿಜವಾಗ್ಲೂ ಕೇಳ್ಸಲ್ಲ. ಈಗಲೇ ಹೇಳಿದ್ದೀನಿ, ಆಮೇಲೆ ಬಂದು ಕೂಗಾಡ್ಬೇಡಿ."

ಅವನು ಹೆಂಡತಿಯನ್ನು ಬಾಲ್ಕನಿಗೆ ಕರೆದೊಯ್ದು ಗಾಜಿನ ಬಾಗಿಲು ಎಳೆದ. ಈ ಮನೆಯೂ ಹೋಯಿತು ಎಂದುಕೊಂಡೆ. ಕಣ್ಣ ಮುಂದೆ ಅಕ್ಕನ ಟ್ರಂಕು ಬಂತು. ಅಕ್ಕ ಮಾತ್ರ ಗಾಜಿಗೆ ಎದುರಾಗಿ ನಿಂತು, ಹಳೇ ರೂಢಿಯಂತೆ ಸುದ್ದಿ ದಾಟಿಸತೊಡಗಿದಳು. ಅವಳ ಪಾಲಿಗೆ ಅದು ಪಿಸುಮಾತು. ಕೇಳುವವರ ಪಾಲಿಗೆ ಮೈಕು.

"'ಕಿವುಡಿ ಪರವಾಗಿಲ್ಲ, ತಮ್ಮ ಹಾಯೋ ಹೋರಿ ಇದ್ದಂಗಿದಾನೆ'... 'ಎಲ್ಲ ಸೇರಿ ಅಂತಲೇ ಅಡ್ವಾನ್ಸ್ ಇಸ್ಕೊಳ್ಳೋಣ. ಸಾಮಾನು ಬಂದ್ಮೇಲೆ ಬೇರೆ ಮೀಟರ್ ಹಾಕಿಸಿದ್ರಾಯ್ತು. ಮೂರು ಮಹಡಿ ಹತ್ತಿಸಿದ ಬೀರುನ ಮತ್ತೆ ಯಾವನು ಇಳಿಸ್ತಾನೆ?'... ಆಯಮ್ಮ ಬೇಡ ಅಂತಿದಾಳೆ ಕಣೋ. 'ಪಾಪದವರು, ಮೋಸ ಮಾಡ್ಬೇಡಿ' ಅಂತಿದಾಳೆ."

ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತು. ಅಷ್ಟರಲ್ಲಿ ಹೆಂಡತಿ ಬೆನ್ನು ತಿರುಗಿಸಿ ಬಾಗಿಲು ಸರಿಸಿದಳು. ಅವಳ ಹಿಂದೆ ಗಂಡನ ತುಟಿ ಇನ್ನೂ ಆಡುತ್ತಿತ್ತು. ಅಕ್ಕ ಅದನ್ನೂ ಬಿಡಲಿಲ್ಲ.

"'ಬಂದ್ಲು ದಾನಶೂರೆ! ಇವಳಪ್ಪ ಮದುವೇಲಿ ಕೊಟ್ಟ ಗಡಿಯಾರ ಇವತ್ತಿನವರೆಗೂ ನಡೀಲಿಲ್ಲ.'"

ಹೆಂಡತಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. "ಏನಂದ್ರಿ?"

ತನ್ನನ್ನೇ ಕೇಳಿದ್ದೆಂದು ಅಕ್ಕ ಮತ್ತೊಮ್ಮೆ, ಗಡಿಯಾರ ಸಮೇತ, ಇನ್ನೂ ಸ್ವಲ್ಪ ಜೋರಾಗಿ ಹೇಳಿದಳು.

"ನಾನು... ದೇವರ ಹೆಸರು ಹೇಳ್ಕೊಳ್ತಿದ್ದೆ ಕಣೇ," ಎಂದ ಮಾಲೀಕ.

"ಮದುವೆ ಆದಾಗಿಂದ ನೋಡ್ತಿದೀನಿ, ನಾನು ಬೆನ್ನು ಹಾಕಿದ ತಕ್ಷಣ ನಿಮಗೆ ದೇವರು ನೆನಪಾಗ್ತಾನೆ!" ಅವಳು ಅಕ್ಕನ ಕೈ ಹಿಡಿದುಕೊಂಡಳು. "ಅಕ್ಕಾ, ಮನೆ ನಿಮ್ಮದೇ. ಕರೆಂಟು, ನೀರು, ಎಲ್ಲ ಸೇರಿ. ದಿನಾ ಸಂಜೆ ಕೆಳಗೆ ಬಂದು ನನ್ನ ಜೊತೆ ಕೂತ್ಕೊಳ್ಳಿ, ಅಷ್ಟು ಸಾಕು. ಇವರ ಮುಖ ಕಾಣೋ ಹಾಗೆ ಕುರ್ಚಿ ಹಾಕಿಸ್ತೀನಿ."

"ಲೇ, ಮನೆ ಯಾರದ್ದೇ?"

"ನಂದು. ತೆರಿಗೆ ಉಳಿಸೋಕೆ ನನ್ನ ಹೆಸರಿಗೆ ಬರೆದ್ರಲ್ಲ, ಮರ್ತುಹೋಯ್ತಾ?"

"ಮತ್ತೆ ನೀರು? ನಲ್ಲಿ ಸುರೀತಾ ಇದ್ರೆ?"

"ನಿಮ್ಮ ಕಿವಿ ಚೆನ್ನಾಗಿದೆಯಲ್ಲ! ಕೇಳಿಸಿದಾಗ ಹತ್ತಿ ಹೋಗಿ ನಿಲ್ಲಿಸಿ."

ಬಾಯಲ್ಲಿ ಸಿದ್ಧವಾಗಿದ್ದ ಬೈಗುಳವನ್ನೆಲ್ಲ ನಾನು ನುಂಗಿಕೊಂಡೆ. ಇಷ್ಟು ಒಳ್ಳೆಯ ಸರಕು ಈ ಜನ್ಮದಲ್ಲಿ ಹೀಗೆ ವ್ಯರ್ಥವಾದದ್ದು ಅದೊಂದೇ ಸಲ.

ಬೀರು ಮೂರು ಮಹಡಿ ಹತ್ತಿತು. ಅಕ್ಕನ ಟ್ರಂಕು ಖಾಲಿಯಾಗಿ ಮಂಚದಡಿ ಸೇರಿದೆ. ನಲ್ಲಿ ಈಗಲೂ ಸುರಿಯುತ್ತದೆ. ಮಾಲೀಕ ಏದುಸಿರು ಬಿಡುತ್ತ ಹತ್ತಿ ಬರುತ್ತಾನೆ, ನಿಲ್ಲಿಸುತ್ತಾನೆ, ಇಳಿಯುತ್ತಾನೆ. ಬರುವಾಗಲೂ ಹೋಗುವಾಗಲೂ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದಿರುತ್ತಾನೆ. ಕೇಳಿದರೆ ನೆಗಡಿ ಅನ್ನುತ್ತಾನೆ.