ಹಸಿರು ಗುರುತಿನ ಉತ್ತರ

"ಈ ಮಾತ್ರೆಯನ್ನು ಪುಡಿ ಮಾಡಲೇಬಾರದು. ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಲೆಂದೇ ಮಾಡಿದ್ದು. ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಂದೇಟಿಗೆ ರಕ್ತಕ್ಕೆ ಸೇರುತ್ತದೆ. ಈ ಉತ್ತರ ಬರೆದವರು ಯಾರು?"

ಔಷಧದಂಗಡಿಯವರೊಬ್ಬರ ಈ ಟಿಪ್ಪಣಿಯನ್ನು ಟೈಲರಮ್ಮ ಕತ್ತರಿ ಕೆಳಗಿಟ್ಟು ಫೋನಿನಲ್ಲಿ ಎರಡು ಸಲ ಓದಿದಳು. ನುಂಗಲಾಗದವರಿಗೆ ಪುಡಿ ಮಾಡಿ ಕೊಡಬಹುದೆಂಬ ಆ ಉತ್ತರ ಬರೆದವಳು ಅವಳೇ, ಮೂರು ವರ್ಷದ ಹಿಂದೆ. ಪಕ್ಕದಲ್ಲಿ 'ಸರಿಯುತ್ತರ' ಎಂಬ ಹಸಿರು ಗುರುತು, ಅರವತ್ತಮೂರು ಜನರ ಮೆಚ್ಚುಗೆ.

ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡವಳು ಅವಳು. ಯಾರನ್ನು ಕೇಳಬೇಕೆಂದು ತಿಳಿಯದೆ ಒದ್ದಾಡಿ ಸಾಕಾಗಿ, ತನ್ನಂಥವರಿಗಾಗಿ ಪ್ರಶ್ನೋತ್ತರದ ಜಾಲತಾಣವೊಂದನ್ನು ಶುರುಮಾಡಿದ್ದಳು. ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನು ಹುಡುಕಿ ಹೊಂದಿಸಿಕೊಟ್ಟವನು ತಮ್ಮ.

ಅವನು ಅಂಗಡಿಗೆ ಬಂದವನೇ ಟಿಪ್ಪಣಿ ಓದಿ, "ಅಳಿಸಿಬಿಡ್ಲಾ ಅಕ್ಕಾ?" ಎಂದ. "ತಂತ್ರಾಂಶ ಹಳೇ ಪ್ರತಿ ಇಟ್ಕೊಳ್ಳುತ್ತೆ. ಅದನ್ನೂ ತೆಗೀಬಹುದು, ಎಲ್ಲಾ ನಮ್ಮ ಕೈಯಲ್ಲೇ ಇದೆ. ಒಂದು ಗುರುತೂ ಉಳಿಯಲ್ಲ."

"ಆಗ್ಲೇ ಓದ್ಕೊಂಡು ಹೋದವರ ತಲೆಯಿಂದಾನೂ ಅಳಿಸ್ತೀಯೇನೋ?"

ಅವಳು ಉತ್ತರದ ಮೇಲೆ ಬರೆದಳು: 'ಇದು ತಪ್ಪು. ಬರೆದವಳು ನಾನೇ.' ಮೆಚ್ಚಿದವರಿಗೆಲ್ಲ, ಪ್ರಶ್ನೆ ಕೇಳಿದ್ದ ಹೆಂಗಸಿಗೂ, ಎಚ್ಚರಿಕೆಯ ಪತ್ರ ಕಳಿಸಿದ್ದಾಯಿತು.

ಮಧ್ಯಾಹ್ನದೊಳಗೆ ಹತ್ತಾರು ಮಾರುತ್ತರ ಬಂದವು. ಕೆಲವರು ನಾವು ಕೊಟ್ಟೇ ಇಲ್ಲ ಬಿಡಿ ಎಂದರು. ಒಬ್ಬರು ಬಾಯಿಗೆ ಬಂದಂತೆ ಬೈದಿದ್ದರು. ಪ್ರಶ್ನೆ ಕೇಳಿದವಳದು ಮಾತ್ರ ಸುದ್ದಿಯಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಕತ್ತರಿ ಬಿಟ್ಟು ನೋಡುತ್ತಿದ್ದಳು. ಕೆಲಸದಲ್ಲಿ ಮನಸ್ಸು ನಿಲ್ಲದೆ, ಒಂದೇ ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿಟ್ಟಳು.

ನಾಲ್ಕು ಗಂಟೆಗೆ ಅದೂ ಬಂತು. "ಅಕ್ಕಾ, ಅಮ್ಮ ಹೋಗಿ ಮೂರು ವರ್ಷ ಆಗ್ತಾ ಬಂತು. ಆಗ ನಿಮ್ಮ ಉತ್ತರದಿಂದ ಎಷ್ಟೋ ಧೈರ್ಯ ಬಂದಿತ್ತು. ನಿಮ್ಮ ಪತ್ರ ಪೂರ್ತಿ ಅರ್ಥ ಆಗ್ಲಿಲ್ಲ. ಯಾವ ಮಾತ್ರೆ ವಿಷಯ?" ಕೆಳಗೆ ಫೋನ್ ನಂಬರು.

ತಮ್ಮ ಅವಳ ಹೆಗಲ ಮೇಲಿಂದ ಓದಿದ. "ಅಮ್ಮ ಯಾಕೆ ಹೋದ್ರೋ ಏನೋ. ಈಗ ಹೇಳಿ ಅವರ ನೆಮ್ಮದೀನೂ ಯಾಕೆ ಕೆಡಿಸ್ತೀಯ? ಬೇರೆ ಯಾರಿಗೋ ಹೋಗಬೇಕಿದ್ದ ಪತ್ರ ಅಂದ್ಬಿಡು."

"ಕೇಳ್ತಿದ್ದಾಳಲ್ಲೋ."

ಅವಳು ನಂಬರು ಒತ್ತಿದಳು. ನಾಲ್ಕು ಸಲ ರಿಂಗಾಯಿತು. ಆ ಕಡೆಯಿಂದ ಪಾತ್ರೆ ತೊಳೆಯುವ ಸದ್ದು, ನಲ್ಲಿ ನಿಂತದ್ದು, ಆಮೇಲೆ "ಹಲೋ" ಎಂಬ ದನಿ.

ಟೈಲರಮ್ಮ ಸ್ಟೂಲಿನಿಂದ ಎದ್ದು ನಿಂತಳು.